ಕೀರ್ತನೆಗಳನ್ನು ಓದುವಾಗ ಅದರಲ್ಲಿ ಕ್ರಿಸ್ತನನ್ನು ಕಾಣುವುದು ಹೇಗೆ?

ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ಯೇಸು ಎಂಬ ಹೆಸರು ಎಲ್ಲೂ ಬರಲ್ಲ, ನಿಜ. ಆದರೆ ತನ್ನ ವಿಷಯ ಅಲ್ಲೂ ಬರೆದಿದೆ ಅಂತ ಆತನೇ ಶಿಷ್ಯರಿಗೆ ಹೇಳಿದ್ದಾನೆ (ಲೂಕ 24:44). ಹಾಗಾಗಿ ಇದು ಸುಮ್ನೆ ಕಲ್ಪನೆಯಲ್ಲ.

22ನೇ ಕೀರ್ತನೆಯಿಂದ ಶುರು ಮಾಡಿ. ಜೊತೆಗೆ ಮತ್ತಾಯ 27ನ್ನೂ ತೆರೆದಿಟ್ಟುಕೊಳ್ಳಿ. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಎಂಬ ಮೊದಲ ಸಾಲೇ ಶಿಲುಬೆಯ ಮೇಲಿನ ಕೂಗು. ತಲೆಯಾಡಿಸಿ ಹಂಗಿಸುವ ಜನ, ಬಟ್ಟೆಗಾಗಿ ಚೀಟು ಹಾಕುವುದು, ಎರಡೂ ಕಡೆ ಇವೆ. ಅಷ್ಟಕ್ಕೇ ಪುಸ್ತಕ ಮುಚ್ಚಬೇಡಿ. 22ನೇ ವಚನದಿಂದ ಗೋಳು ಸ್ತುತಿಯಾಗಿ ತಿರುಗುತ್ತದೆ. ಇಬ್ರಿಯ 2:12 ಆ ವಚನವನ್ನು ಯೇಸುವಿನ ಮಾತಾಗಿಯೇ ಕೊಡುತ್ತದೆ. ನನಗಂತೂ ಈ ಭಾಗವೇ ಜಾಸ್ತಿ ಇಷ್ಟ. ಆಮೇಲೆ 2, 16, 110, 118 ಓದಬಹುದು.

ಹಾಗಂತ ಪ್ರತಿ ವಚನವನ್ನೂ ಎಳೆದು ತಂದು ಕ್ರಿಸ್ತನಿಗೆ ಅಂಟಿಸಬೇಡಿ. 69ನೇ ಕೀರ್ತನೆಯಲ್ಲಿ ಕುಡಿಯಲು ಹುಳಿರಸ ಕೊಟ್ಟ ಮಾತು ಶಿಲುಬೆಯನ್ನು ನೆನಪಿಸುತ್ತದೆ. ಅದೇ ಕೀರ್ತನೆಯ 5ನೇ ವಚನದಲ್ಲಿ ಕವಿಯಾದ ದಾವೀದ ತನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತಾನೆ. ಅದು ಪಾಪವಿಲ್ಲದ ಯೇಸುವಿಗೆ ನೇರವಾಗಿ ಹೊಂದುವುದಿಲ್ಲ, ಅಲ್ವಾ? ಅದಕ್ಕೇ ಮೊದಲು ದಾವೀದನ ಪ್ರಾರ್ಥನೆಯಾಗಿ ಓದಿ. ಇದನ್ನು ಯೇಸು ಪ್ರಾರ್ಥಿಸಿದ್ದರೆ ಏನರ್ಥ ಎಂಬ ಪ್ರಶ್ನೆ ಎರಡನೇ ಓದಿಗೆ ಇರಲಿ.