ಬಾಗಿಲ ಮುಂದಿನ 37 ಚುಕ್ಕಿ

ಪ್ರಶ್ನೆ: 22 ವರ್ಷದಿಂದ ದಿನಾ ಬೆಳಿಗ್ಗೆ ನಮ್ಮ ಫ್ಲ್ಯಾಟಿನ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. ಹೋದ ದೀಪಾವಳಿಗೆ ತಂಗಿಯ ಮಗಳು ಮೊಬೈಲಿನಲ್ಲಿ ಎರಡು ಸಾಲು ಬರೆದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ನವಿಲಿನ ರಂಗೋಲಿ ತೋರಿಸಿದಳು. ಎಐ ಬಿಡಿಸಿದ್ದಂತೆ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆವತ್ತಿನಿಂದ ಕೈಗೆ ಹುರುಪೇ ಇಲ್ಲ. ಇನ್ನು ಯಾಕೆ ಹಾಕಬೇಕು?
– ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಮುಲುಂಡಿಗೆ ಬಂದು 36 ವರ್ಷ ಆಯಿತು. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ ನಿವೃತ್ತಳಾದೆ. ನಮ್ಮ ಬಾಗಿಲ ಮುಂದೆ ಇರುವುದು ಒಂದೂವರೆ ಅಡಿ ಜಾಗ. ಒಂದು ಕಡೆ ಚಪ್ಪಲಿ ಸ್ಟ್ಯಾಂಡ್, ಇನ್ನೊಂದು ಕಡೆ ಎದುರು ಮನೆಯ ಹುಡುಗನ ಸೈಕಲ್. ನಮ್ಮ ಅವ್ವ ಅಂಗಳದಲ್ಲಿ 15ರಿಂದ 8ರವರೆಗೆ ನಡುವಿನ ಚುಕ್ಕಿ ಇಡುತ್ತಿದ್ದಳು. ಮಧ್ಯದ ಸಾಲಿನಲ್ಲಿ 15, ಮೇಲೂ ಕೆಳಗೂ ಸಾಲಿಗೊಂದು ಕಡಿಮೆಯಾಗುತ್ತಾ 8ರವರೆಗೆ. ಚಿಕ್ಕವಳಿದ್ದಾಗ ಒಮ್ಮೆ ಕೂತು ಎಣಿಸಿದ್ದೆ, ಒಟ್ಟು 169. ಅವಳು ಎಣಿಸುತ್ತಿರಲಿಲ್ಲ. ಬಾಯಲ್ಲಿ ದಾಸರ ಪದ, ಕೈಯಲ್ಲಿ ಚುಕ್ಕಿ. ಇಲ್ಲಿನ ಜಾಗಕ್ಕೆ ನನಗೆ 7ರಿಂದ 4ರದ್ದೇ ಸಾಕು. 37 ಚುಕ್ಕಿ.

ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತೇನೆ. ಟೈಲ್ಸ್ ಪೂರ್ತಿ ಒಣಗಿದರೆ ಪುಡಿ ನಿಲ್ಲುವುದಿಲ್ಲ, ಪಕ್ಕದಲ್ಲಿ ಯಾರಾದರೂ ನಡೆದ ಗಾಳಿಗೇ ಜಾರುತ್ತದೆ. ತೀರಾ ಒದ್ದೆಯಿದ್ದರೆ ಗೆರೆ ಊದಿಕೊಳ್ಳುತ್ತದೆ. ಇವೆರಡರ ನಡುವಿನ ಹದ ಯಾವುದು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಹೆಬ್ಬೆರಳು, ತೋರುಬೆರಳಿಗೆ ಗೊತ್ತು. ನಿಮ್ಮ ಬೆರಳಿಗೂ ಗೊತ್ತು.

ನಿಮ್ಮ ಪತ್ರ ಬಂದ ಮೇಲೆ ನಾನೂ ಎಐಗೆ ಕೇಳಿದೆ, 15ರಿಂದ 8ರ ಚುಕ್ಕಿ ರಂಗೋಲಿ ಕೊಡು ಅಂತ. ಥಳಥಳ ಹೊಳೆಯುವ ಚಿತ್ರ ಕೊಟ್ಟಿತು. ದೊಡ್ಡದು ಮಾಡಿ ನೋಡಿದರೆ ಒಂದು ಸಾಲಿನಲ್ಲಿ ಚುಕ್ಕಿ ಜಾಸ್ತಿ, ಮುಂದಿನ ಸಾಲಿನಲ್ಲಿ ಕಡಿಮೆ. ಒಂದು ಗೆರೆ ಎಸಳಿನ ಕೆಳಗೆ ಹೋದದ್ದು ಮತ್ತೆ ಹೊರಗೆ ಬರಲೇ ಇಲ್ಲ. ಆದರೆ ಈ ತಪ್ಪು ಹಿಡಿದು ಸಮಾಧಾನ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಾಳೆ ಅದು ಸರಿಯಾಗಿಯೂ ಹಾಕಬಹುದು. ಹಾಕಲಿ.

ರಂಗೋಲಿ ಪುಸ್ತಕಗಳು ನಮ್ಮ ಕಾಲದಲ್ಲೂ ಇದ್ದವು. ಅಂಟಿಸುವ ರಂಗೋಲಿ ದಾದರಿನ ಫುಟ್‌ಪಾತಿನಲ್ಲಿ ಸಿಗುತ್ತದೆ. ಅವೆಲ್ಲ ನಿಮ್ಮ ಕೈ ತಡೆಯಲಿಲ್ಲ, ಅಲ್ವಾ? ಸಂಜೆಯೊಳಗೆ ಯಾರದೋ ಕಾಲಿಗೆ ಸಿಕ್ಕಿ ಅಳಿಸುತ್ತದೆ ಅಂತ ಗೊತ್ತಿದ್ದೇ ನೀವು 22 ವರ್ಷ ಹಾಕಿದ್ದೀರಿ. ಚಿತ್ರ ಉಳಿಯಲಿ ಅಂತ ಹಾಕಿದ್ದಲ್ಲ. ಆ ಹತ್ತು ನಿಮಿಷ ನಿಮಗೆ ಬೇಕಿತ್ತು.

ನನ್ನ ಯಜಮಾನರು ತೀರಿಕೊಂಡ ವರ್ಷ ನಾನು ರಂಗೋಲಿ ಬಿಟ್ಟೆ. ಒಂದು ದಿನ ಎದುರು ಮನೆಯ ಗುಜರಾತಿ ಹೆಣ್ಣುಮಗಳು ಬಂದು, ನಿಮ್ಮ ಬಾಗಿಲು ನೋಡಲಾಗುತ್ತಿಲ್ಲ ಎಂದು ಹೇಳಿ ಪುಡಿಯ ಡಬ್ಬಿಯನ್ನು ಕೈಗಿಟ್ಟಳು. ಮೊದಲ ದಿನ ಗೆರೆ ನಡುಗಿತು. ವಾರದಲ್ಲಿ ನೆಟ್ಟಗಾಯಿತು. ಆ ವಾರ ಯಾರೋ ನನಗೆ ಜಗತ್ತಿನ ಅತಿ ಚೆಂದದ ರಂಗೋಲಿ ತಂದು ಕೊಟ್ಟಿದ್ದರೂ ಅದರಿಂದ ನನಗೇನೂ ಆಗುತ್ತಿರಲಿಲ್ಲ. ನನಗೆ ಬೇಕಾಗಿದ್ದು ಆ ನಡುಗುವ ಗೆರೆಯೇ.

ತಂಗಿಯ ಮಗಳ ಮೇಲೆ ಬೇಸರ ಬೇಡ. ಅವಳ ನವಿಲು ಇಷ್ಟವಾಗಿದ್ದರೆ ಅದನ್ನೇ ನೋಡಿಕೊಂಡು ನೆಲದ ಮೇಲೆ ಹಾಕಿ. ಬಾಲ ಗೋಡೆಗೆ ತಾಗುತ್ತದೆ, ಮಡಚಬೇಕಾಗುತ್ತದೆ. ಹೇಗೆ ಮಡಚಬೇಕು ಅಂತ ನೀವೇ ಯೋಚಿಸಬೇಕು. ಪಕ್ಕದಲ್ಲಿ ಅವಳನ್ನೂ ಕೂರಿಸಿಕೊಳ್ಳಿ.

ಪ್ರಶ್ನೆ: ಎಐ ಚಿತ್ರ ಬಿಡಿಸುವುದು ಹೇಗೆ? ಅದು ಕಲಾವಿದರ ಕೆಲಸ ಕದಿಯುತ್ತದೆ ಅನ್ನುತ್ತಾರೆ. ಮನುಷ್ಯರೂ ಇನ್ನೊಬ್ಬರದ್ದು ನೋಡಿಯೇ ಕಲಿಯುವುದಲ್ವಾ?
– ಓದುಗರು, ಠಾಣೆ

ಉತ್ತರ: ಹಳೇ ಟಿವಿಯಲ್ಲಿ ಸಿಗ್ನಲ್ ಹೋದಾಗ ಬರುತ್ತಿದ್ದ ಚುಕ್ಕಿಚುಕ್ಕಿ ಪರದೆ ನೆನಪಿದೆಯಾ? ಈಗಿನ ಬಹಳಷ್ಟು ಚಿತ್ರ ಯಂತ್ರಗಳು ಶುರು ಮಾಡುವುದೇ ಅಂಥ ಗಲಿಬಿಲಿಯಿಂದ. ಕಲಿಸುವಾಗ ಒಳ್ಳೆಯ ಚಿತ್ರಗಳ ಮೇಲೆ ಸ್ವಲ್ಪ ಸ್ವಲ್ಪವೇ ಆ ಚುಕ್ಕಿ ಎರಚುತ್ತಾರೆ. ಎರಚಿದ್ದನ್ನು ತೆಗೆಯುವುದು ಹೇಗೆ ಅಂತ ಯಂತ್ರ ಕಲಿಯುತ್ತದೆ. ಆಮೇಲೆ ಬರೀ ಗಲಿಬಿಲಿ ಕೊಟ್ಟು, ನೀವು ಬರೆದ ಮಾತನ್ನೂ ಕೊಟ್ಟರೆ, ಹಂತ ಹಂತವಾಗಿ ಚುಕ್ಕಿ ತೆಗೆಯುತ್ತಾ ಆ ಮಾತಿಗೆ ಹೊಂದುವ ಚಿತ್ರಕ್ಕೆ ಬರುತ್ತದೆ. ಇದಕ್ಕೆ ಎಷ್ಟು ಚಿತ್ರ ಬೇಕು ಗೊತ್ತಾ? 2022ರಲ್ಲಿ ಹೊರಬಂದ ಲಯಾನ್-5ಬಿ ಅನ್ನುವ ಒಂದು ಸಂಗ್ರಹದಲ್ಲೇ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳು, ಅವುಗಳ ಜೊತೆಗಿನ ವಿವರಣೆಗಳು ಇದ್ದವು. ಎಲ್ಲ ಇಂಟರ್ನೆಟ್‌ನಿಂದ ಬಾಚಿದ್ದು. ಬಿಡಿಸಿದವರನ್ನು ಒಬ್ಬೊಬ್ಬರಾಗಿ ಯಾರೂ ಕೇಳಿಲ್ಲ.

ನೋಡಿ ಕಲಿಯುವುದು ನಿಜ. ನಾನು ಶಾಲೆಯಲ್ಲಿ ಮಕ್ಕಳಿಗೆ ಮಾಡಿಸಿದ್ದೂ ಅದನ್ನೇ. ಆದರೆ ನಮ್ಮವರೇ ಆದ ಕೆ.ಕೆ. ಹೆಬ್ಬಾರರನ್ನು ನೆನೆಸಿಕೊಳ್ಳಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಲಯ ಅಂದರೆ ಏನು ಅಂತ ಮೈಗೆ ತಿಳಿಯಲೆಂದು ಕಥಕ್ ಕಲಿತರು. ಅವರು ಗೆರೆಯಲ್ಲಿ ಬಿಡಿಸಿದ ನರ್ತಕಿಯರನ್ನು ನೋಡಿ. ಒಂದೇ ಗೆರೆ ಹೆಗಲಿನಿಂದ ಹೊರಟು ಸೊಂಟದಲ್ಲಿ ತಿರುಗಿ ಪಾದಕ್ಕೆ ಇಳಿಯುತ್ತದೆ. ಆ ತಿರುವು ಅವರ ಕಾಲು ಕಲಿತದ್ದು. ಕಣ್ಣಿನಿಂದ ಮಾತ್ರ ಬಂದಿದ್ದಲ್ಲ.

ನನ್ನನ್ನು ಹೆಚ್ಚು ಕಾಡುವುದು ವಾರ್ಲಿ. ನಮ್ಮ ಮುಂಬಯಿಗೆ ಹತ್ತಿರದ ಡಹಾಣು, ಪಾಲ್ಘರ್ ಕಡೆಯ ಆದಿವಾಸಿಗಳ ಚಿತ್ರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಬಣ್ಣ, ತುದಿ ಜಜ್ಜಿದ ಬಿದಿರುಕಡ್ಡಿ. ಮದುವೆ ಬಂತೆಂದರೆ ಹೆಂಗಸರು ಬರೆಯುತ್ತಿದ್ದರು. ಜಿವ್ಯಾ ಸೋಮಾ ಮಶೆ ಅವರು ಅದನ್ನು ಗೋಡೆಯಿಂದ ಕಾಗದಕ್ಕೆ ತಂದು ಜಗತ್ತಿಗೆ ತೋರಿಸಿದರು. 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಈಗ ‘ವಾರ್ಲಿ ಥರ’ ಅಂತ ಎರಡು ಪದ ಬರೆದರೆ ತಾರ್ಪಾ ಊದುವವನ ಸುತ್ತ ಕುಣಿಯುವ ಜನ ಥಟ್ಟನೆ ಬಂದುಬಿಡುತ್ತಾರೆ. ಅದು ಕುಶನ್ ಕವರಿನ ಮೇಲೂ ಅಚ್ಚಾಗಬಹುದು. ಡಹಾಣುವಿನ ಹೆಂಗಸಿಗೆ ಒಂದು ರೂಪಾಯಿ ಹೋಗುವುದಿಲ್ಲ.

‘ಕಳವು’ ಅನ್ನುವ ಪದ ಕಾನೂನಿನಲ್ಲಿ ನಿಲ್ಲುತ್ತದೋ ಇಲ್ಲವೋ, ಬೇರೆ ದೇಶಗಳ ಕೋರ್ಟುಗಳಲ್ಲಿ ವಾದ ನಡೆಯುತ್ತಿದೆ. ನನ್ನ ಮನಸ್ಸಿಗೆ ಮಾತ್ರ ಅನುಮಾನವಿಲ್ಲ. ಕೇಳಬೇಕಿತ್ತು, ಪಾಲು ಕೊಡಬೇಕಿತ್ತು. ಈಗಲೂ ಕೊಡಬೇಕು.

ಪ್ರಶ್ನೆ: ಒಂಬತ್ತು ವರ್ಷದ ಮೊಮ್ಮಗ ಎಐ ಬಿಡಿಸಿದ ಚಿತ್ರ ಕೊಟ್ಟು ಸೊಸೈಟಿಯ ಗಣೇಶೋತ್ಸವದಲ್ಲಿ ಮೊದಲ ಬಹುಮಾನ ತಂದ. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೊಬ್ಬನಿಗೇ ಇರಿಸುಮುರಿಸು.
– ಓದುಗರು, ಘಾಟ್‌ಕೋಪರ್

ಉತ್ತರ: ನಿಮ್ಮ ಇರಿಸುಮುರಿಸು ಸರಿಯಾಗಿಯೇ ಇದೆ ಅಜ್ಜಾವ್ರೇ. 2023ರಲ್ಲಿ ಬೋರಿಸ್ ಎಲ್ಡಾಗ್ಸನ್ ಎಂಬ ಜರ್ಮನ್ ಕಲಾವಿದರು ಒಂದು ದೊಡ್ಡ ಫೋಟೋ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ, ಇದು ಎಐ ಚಿತ್ರ, ನನಗೆ ಬೇಡ ಎಂದು ಹೇಳಿ ಬಿಟ್ಟುಕೊಟ್ಟರು. ಈ ಕಥೆ ಮೊಮ್ಮಗನಿಗೆ ಹೇಳಿ. ಬಹುಮಾನ ವಾಪಸ್ ಕೊಡಲು ನೀವೇ ಜೊತೆಗೆ ಹೋಗಿ, ಬೈಯದೆ. ಮನೆಗೆ ಬಂದು ಒಂದು ಕಾಗದ, ಒಂದು ಡಬ್ಬಿ ಕ್ರೇಯಾನ್ ಕೊಡಿ. ನೀವೂ ಒಂದು ಕಾಗದ ತಗೊಳ್ಳಿ.

ಪ್ರಶ್ನೆ: ಬದ್ಲಾಪುರದಿಂದ ಸಿಎಸ್‌ಎಂಟಿಗೆ ದಿನಾ ಲೋಕಲ್ ಪ್ರಯಾಣ. ಸೀಟು ಸಿಗುತ್ತದೆ. ಮೊಬೈಲ್ ನೋಡಿ ಕಣ್ಣು ಸೋತಿದೆ. 52ರ ವಯಸ್ಸಿನಲ್ಲಿ ಕಸೂತಿ ಕಲಿಯಬಹುದೇ?
– ಓದುಗರು, ಬದ್ಲಾಪುರ

ಉತ್ತರ: ಖಂಡಿತ. ನಮ್ಮೂರ ಕೆಲಸ ಕಲಿಯುತ್ತೇನೆ ಅಂದಿರಿ, ನನಗೆ ಎಷ್ಟು ಸಂತೋಷ! ಮೊದಲೇ ಇಳಕಲ್ ಸೀರೆ ಹಿಡಿಯಬೇಡಿ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಅರ್ಧ ಮೀಟರ್ ತನ್ನಿ. ಮೊಂಡು ತುದಿಯ ಸೂಜಿ ಸಾಕು, ಗಾಡಿ ಜಗ್ಗಿದಾಗ ಚುಚ್ಚುವುದಿಲ್ಲ. ಆರು ಎಳೆಯ ದಾರದಲ್ಲಿ ಎರಡು ಎಳೆ ಬಿಡಿಸಿಕೊಳ್ಳಿ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ನೀವು ಗವಂತಿಯಿಂದ ಶುರು ಮಾಡಿ. ಒಂದು ಬಿಟ್ಟು ಒಂದು ಹಾಕುತ್ತಾ ಹೋಗಬೇಕು, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಬೆಳಿಗ್ಗೆ ಹೋಗುವ ಸಾಲು, ಸಂಜೆ ಬರುವ ಸಾಲು ಅಂತ ಇಟ್ಟುಕೊಳ್ಳಿ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಬೇಡ, ಎಳೆ ಎಣಿಸಿಯೇ ಹಾಕಿ. ಗಂಟು ಹಾಕಬೇಡಿ. ದಾರದ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಿ. ಮೊದಲ ತುಂಡು ಮುಗಿದ ಮೇಲೆ ಎರಡೂ ಬದಿಯ ಫೋಟೋ ಕಳಿಸಿ. ನಾನು ಮೊದಲು ನೋಡುವುದು ಹಿಂಬದಿಯನ್ನೇ.