ಎಲ್ ಅಂಡ್ ಟಿಗೆ ಮಾಲೀಕರು ಯಾರು?

ಪ್ರಶ್ನೆ: ಮೆಟ್ರೊ, ಸೇತುವೆ, ವಿಮಾನ ನಿಲ್ದಾಣ, ಎಲ್ಲಿ ನೋಡಿದರೂ ಎಲ್ ಅಂಡ್ ಟಿ ಬೋರ್ಡ್ ಕಾಣುತ್ತದೆ. ಇದು ವಿದೇಶಿ ಕಂಪನಿಯಾ? ಟಾಟಾ, ಬಿರ್ಲಾ ಥರ ಹಿಂದೆ ಯಾವುದಾದರೂ ಕುಟುಂಬ ಇದೆಯಾ? – ದಾವಣಗೆರೆಯ ಓದುಗರು

ಎರಡೂ ಅಲ್ಲ. ಲಾರ್ಸನ್ ಅಂಡ್ ಟೂಬ್ರೊ ಎಂಬ ಹೆಸರು ಮಾತ್ರ ಹೊರದೇಶದ್ದು. ಹೆನ್ನಿಂಗ್ ಹೋಲ್ಕ್-ಲಾರ್ಸನ್, ಸೋರೆನ್ ಟೂಬ್ರೊ ಇಬ್ಬರೂ ಡೆನ್ಮಾರ್ಕ್‌ನ ಎಂಜಿನಿಯರ್‌ಗಳು. ಸಿಮೆಂಟ್ ಕಾರ್ಖಾನೆಗೆ ಯಂತ್ರ ಕೂರಿಸುವ ಎಫ್.ಎಲ್. ಸ್ಮಿತ್ ಕಂಪನಿಯ ನೌಕರರಾಗಿ ಇಲ್ಲಿಗೆ ಬಂದವರು. ಟೂಬ್ರೊ 1934ರಲ್ಲಿ ಕೊಯಮತ್ತೂರಿನ ಹತ್ತಿರದ ಮದುಕ್ಕರೈ ಕಾರ್ಖಾನೆಗೆ ಬಂದರು. ಲಾರ್ಸನ್ ಬಂದಿದ್ದು 1937ರಲ್ಲಿ. ಮರುವರ್ಷವೇ ಇಬ್ಬರೂ ಸೇರಿ ಮುಂಬೈಯಲ್ಲಿ ಪಾಲುದಾರಿಕೆ ಶುರು ಮಾಡಿದರು. ಆಫೀಸು ಎಷ್ಟು ಚಿಕ್ಕದಾಗಿತ್ತು ಅಂದರೆ, ಒಂದು ಸಲಕ್ಕೆ ಒಬ್ಬರೇ ಕೂರಬಹುದಿತ್ತಂತೆ.

ಮೊದಲು ಅವರು ಏನನ್ನೂ ಕಟ್ಟಲಿಲ್ಲ. ಡೆನ್ಮಾರ್ಕ್‌ನಿಂದ ಹಾಲಿನ ಡೇರಿ ಯಂತ್ರಗಳನ್ನು ತರಿಸಿ ಮಾರುತ್ತಿದ್ದರು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು, ಸರಕು ಬರುವುದು ನಿಂತುಹೋಯಿತು. ಮಾರಲು ಏನೂ ಇಲ್ಲ. ಆಗ ಸಣ್ಣದೊಂದು ವರ್ಕ್‌ಶಾಪ್ ಹಾಕಿ, ಆಮದಾಗುತ್ತಿದ್ದ ಯಂತ್ರಗಳನ್ನು ತಾವೇ ಮಾಡಲು ಹೊರಟರು. ಯುದ್ಧದ ಹಡಗುಗಳ ರಿಪೇರಿ ಕೆಲಸವೂ ಸಿಕ್ಕಿತು. ಅದೇ ಹೊತ್ತಿಗೆ ಟಾಟಾದವರ ಸೋಡಾ ಆಶ್ ಕಾರ್ಖಾನೆ ಕಟ್ಟಬೇಕಿದ್ದ ಜರ್ಮನ್ ಎಂಜಿನಿಯರ್‌ಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಆ ಕೆಲಸ ಇವರ ಕೈಗೆ ಬಂತು. ಕಾರ್ಖಾನೆ ಕಟ್ಟಿ ನಿಲ್ಲಿಸುವ ಕೆಲಸ ಕಲಿತಿದ್ದು ಅಲ್ಲಿಂದ.

ನನ್ನ ಮಟ್ಟಿಗೆ ಈ ಕಂಪನಿಯ ಪೂರ್ತಿ ಸ್ವಭಾವ ಈ ನಾಲ್ಕೈದು ವರ್ಷಗಳಲ್ಲೇ ಇದೆ. ಹೊರಗಿಂದ ಸಿಗದಿದ್ದರೆ ನಾವೇ ಮಾಡೋಣ ಅನ್ನುವ ಹಟ ಅದು. 1944ರಲ್ಲಿ ನಿರ್ಮಾಣಕ್ಕೆಂದೇ ಇಸಿಸಿ ಎಂಬ ಬೇರೆ ಸಂಸ್ಥೆ ಹುಟ್ಟಿತು. ಹಳೆಯ ಕಂಟ್ರಾಕ್ಟರುಗಳು ಈಗಲೂ ‘ಇಸಿಸಿ ಕೆಲಸ’ ಅಂತಲೇ ಹೇಳುವುದುಂಟು. 1946ರಲ್ಲಿ ಎಲ್ ಅಂಡ್ ಟಿ ಪ್ರೈವೇಟ್ ಲಿಮಿಟೆಡ್ ಆಯಿತು. 1948ರಲ್ಲಿ ಮುಂಬೈ ಹೊರವಲಯದ ಪವಾಯಿಯಲ್ಲಿ ಜೌಗು, ಕಾಡು ತುಂಬಿದ್ದ 55 ಎಕರೆ ಜಾಗ ಕೊಂಡರು. 1950ರಲ್ಲಿ ಪಬ್ಲಿಕ್ ಕಂಪನಿಯಾಯಿತು.

ಇನ್ನು ಮಾಲೀಕರ ವಿಚಾರ. ಸ್ಥಾಪಕರು ತಮ್ಮ ಕುಟುಂಬಕ್ಕೆ ಕಂಪನಿಯನ್ನು ಬಿಟ್ಟುಹೋಗಲಿಲ್ಲ. ಷೇರುಗಳು ಸಂಸ್ಥೆಗಳ, ಸಾರ್ವಜನಿಕರ ಕೈಯಲ್ಲಿ ಹಂಚಿಹೋಗಿದ್ದವು. ಇಂಥ ಕಂಪನಿಯ ಮೇಲೆ ದೊಡ್ಡವರ ಕಣ್ಣು ಬೀಳುವುದು ಸಹಜ, ಅಲ್ವಾ? 1989ರಲ್ಲಿ ಧೀರೂಭಾಯಿ ಅಂಬಾನಿ ಅಧ್ಯಕ್ಷರಾದರು. ದೆಹಲಿಯಲ್ಲಿ ಸರ್ಕಾರ ಬದಲಾಯಿತು, ಮರುವರ್ಷ ಅವರು ಇಳಿಯಬೇಕಾಯಿತು. ಆದರೆ ರಿಲಯನ್ಸ್ ಬಳಿ ಷೇರು ಉಳಿದೇ ಇತ್ತು. 2001ರಲ್ಲಿ ಅದನ್ನು ಬಿರ್ಲಾ ಗುಂಪಿನ ಗ್ರಾಸಿಮ್‌ಗೆ ಮಾರಿದರು. ಗ್ರಾಸಿಮ್‌ಗೆ ಬೇಕಿದ್ದದ್ದು ಎಲ್ ಅಂಡ್ ಟಿಯ ಸಿಮೆಂಟ್ ವ್ಯವಹಾರ.

ಆಗ ಚುಕ್ಕಾಣಿ ಹಿಡಿದಿದ್ದವರು ಎ.ಎಂ. ನಾಯಕ್. 1965ರಲ್ಲಿ ಜೂನಿಯರ್ ಎಂಜಿನಿಯರ್ ಆಗಿ ಸೇರಿ ಮೇಲೆ ಬಂದವರು. ಅವರು ಕೊಟ್ಟ ದಾರಿ ಹೀಗಿತ್ತು: ಸಿಮೆಂಟನ್ನು ಬೇರೆ ಕಂಪನಿ ಮಾಡಿ ಗ್ರಾಸಿಮ್‌ಗೆ ಬಿಟ್ಟುಕೊಡುವುದು, ಅದಕ್ಕೆ ಬದಲು ಎಲ್ ಅಂಡ್ ಟಿಯಲ್ಲಿ ಗ್ರಾಸಿಮ್‌ಗಿದ್ದ ಷೇರನ್ನು ನೌಕರರ ಟ್ರಸ್ಟ್ ಕೊಳ್ಳುವುದು. 2004ರ ಹೊತ್ತಿಗೆ ಅದು ಮುಗಿಯಿತು. ಆ ಸಿಮೆಂಟೇ ಇವತ್ತಿನ ಅಲ್ಟ್ರಾಟೆಕ್. ನೌಕರರ ಟ್ರಸ್ಟ್ ಬಳಿ ಈಗ ಸುಮಾರು 14% ಷೇರಿದೆ. ಎಲ್‌ಐಸಿ ಕೂಡ ದೊಡ್ಡ ಷೇರುದಾರ. ಪ್ರವರ್ತಕರು, ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಕುಟುಂಬ ಅಥವಾ ಗುಂಪು ಅಂತ ಯಾರೂ ಇಲ್ಲ. ಭಾರತದಲ್ಲಿ ಇಷ್ಟು ದೊಡ್ಡ ಖಾಸಗಿ ಕಂಪನಿಗೆ ಇಂಥ ಏರ್ಪಾಡು ತೀರಾ ಅಪರೂಪ. ದುಡಿಯುವವರೇ ತಮ್ಮ ಕಂಪನಿಯನ್ನು ಉಳಿಸಿಕೊಂಡ ಈ ಕಥೆ ನಮ್ಮ ಕಾಮರ್ಸ್ ವಿದ್ಯಾರ್ಥಿಗಳಿಗೆ ಪಾಠವಾಗಿ ಸಿಗಬೇಕು.

ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. 2019ರಲ್ಲಿ ಇದೇ ಕಂಪನಿ ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀಯನ್ನು ಸ್ಥಾಪಕರು ಬೇಡವೆಂದರೂ ಕೊಂಡುಕೊಂಡಿತು. ಕಾಫಿ ಡೇ ವಿ.ಜಿ. ಸಿದ್ಧಾರ್ಥ ಅವರ ಬಳಿಯಿದ್ದ ಸುಮಾರು 20% ಷೇರಿನಿಂದ ಅದು ಶುರುವಾಯಿತು. ಕಾನೂನಿನ ಪ್ರಕಾರ ಸರಿಯೇ ಇತ್ತು. ಆದರೂ ಹೊರಗಿನವರು ನುಂಗಬಾರದೆಂದು ಹೋರಾಡಿದ ಕಂಪನಿ ಇನ್ನೊಬ್ಬರ ವಿಷಯದಲ್ಲಿ ಹಾಗೆ ನಡೆದುಕೊಂಡಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಪ್ರಶ್ನೆ: ‘ಆರ್ಡರ್ ಬುಕ್ 5 ಲಕ್ಷ ಕೋಟಿ ದಾಟಿದೆ’ ಎಂದು ಓದಿದೆ. ಅಷ್ಟು ಹಣ ಕಂಪನಿಗೆ ಬಂದಂತೆಯೇ? – ಹುಬ್ಬಳ್ಳಿಯ ಓದುಗರು

ಇಲ್ಲ. ಆರ್ಡರ್ ಬುಕ್ ಎಂದರೆ ಒಪ್ಪಂದ ಆಗಿದೆ, ಇನ್ನೂ ಮಾಡಬೇಕಿರುವ ಕೆಲಸದ ಬೆಲೆ. 2025ರ ಮಾರ್ಚ್ ಕೊನೆಗೆ ಅದು ಸುಮಾರು 5.79 ಲಕ್ಷ ಕೋಟಿ ರೂಪಾಯಿ ಇತ್ತು. ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಹೊರದೇಶದ್ದು, ಮುಖ್ಯವಾಗಿ ಸೌದಿ ಮತ್ತು ಸುತ್ತಲಿನ ಕೊಲ್ಲಿ ದೇಶಗಳದ್ದು. ಆ ವರ್ಷದ ಒಟ್ಟು ಆದಾಯ ಸುಮಾರು 2.56 ಲಕ್ಷ ಕೋಟಿ, ನಿವ್ವಳ ಲಾಭ ಸುಮಾರು 15 ಸಾವಿರ ಕೋಟಿ. ಅಂದರೆ 100 ರೂಪಾಯಿಗೆ ಉಳಿದದ್ದು 6 ರೂಪಾಯಿ. ಈ ಲೆಕ್ಕದಲ್ಲಿ ಸಾಫ್ಟ್‌ವೇರ್, ಸಾಲ ಕೊಡುವ ಕಂಪನಿಗಳೂ ಸೇರಿವೆ.

ಹಣ ಬರುವುದು ಹಳ್ಳಿಯ ರಸ್ತೆ ಕಂಟ್ರಾಕ್ಟರಿಗೆ ಬರುವ ಹಾಗೆಯೇ, ಅಂಕಿ ಮಾತ್ರ ದೊಡ್ಡದು. ಟೆಂಡರ್ ಸಿಕ್ಕ ಮೇಲೆ ಬ್ಯಾಂಕ್ ಗ್ಯಾರಂಟಿ ಕೊಟ್ಟು ಸ್ವಲ್ಪ ಮುಂಗಡ ಪಡೆಯುತ್ತಾರೆ. ಆಮೇಲೆ ಕೆಲಸ ಮುಗಿದಷ್ಟಕ್ಕೆ ಅಳತೆ ಮಾಡಿಸಿ ರನ್ನಿಂಗ್ ಬಿಲ್ ಹಾಕುತ್ತಾರೆ. ಬಿಲ್ಲಿನಲ್ಲಿ ಒಂದಿಷ್ಟನ್ನು ಕೆಲಸ ಕೊಟ್ಟವರು ಹಿಡಿದಿಟ್ಟು, ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಕೊಡುತ್ತಾರೆ. ಜಾಗ ಸಿಗುವುದು ತಡವಾದರೆ, ಉಕ್ಕಿನ ಬೆಲೆ ಏರಿದರೆ, ಆ 6 ರೂಪಾಯಿಯೂ ಕರಗುತ್ತದೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ 237 ಕಿ.ಮೀ. ಭಾಗವನ್ನು ಎಲ್ ಅಂಡ್ ಟಿ 2020ರಲ್ಲಿ ಸುಮಾರು 25 ಸಾವಿರ ಕೋಟಿಗೆ ಪಡೆಯಿತು. ಅಂಥ ಕೆಲಸದಲ್ಲಿ ಒಂದು ವರ್ಷ ತಡವಾದರೆ ಏನಾಗುತ್ತದೆ ಎಂದು ಯೋಚಿಸಿ. ಅದಕ್ಕೇ ಸುಮ್ನೆ ಆರ್ಡರ್ ಬುಕ್ ಅಂಕಿ ನೋಡಿ ಷೇರು ಕೊಳ್ಳಬೇಡಿ. ಬಿಲ್ ಬಾಕಿ ಎಷ್ಟಿದೆ, ಕೆಲಸ ಓಡುತ್ತಿದೆಯಾ ಎಂದೂ ನೋಡಿ.

ಪ್ರಶ್ನೆ: ಕಟ್ಟಡ ಕಟ್ಟುವ ಕಂಪನಿ ರಾಕೆಟ್ ಭಾಗ ಯಾಕೆ ಮಾಡುತ್ತದೆ? – ಮೈಸೂರಿನ ವಿದ್ಯಾರ್ಥಿನಿ

ದಪ್ಪ ಉಕ್ಕನ್ನು ಬಗ್ಗಿಸಿ, ಬೆಸುಗೆ ಹಾಕಿ, ಎಲ್ಲೂ ಬಿರುಕಿಲ್ಲದಂತೆ ಪರೀಕ್ಷಿಸುವ ವಿದ್ಯೆ ಒಂದು ಸಲ ಕೈಗೆ ಬಂದರೆ ಹಲವು ಕಡೆ ಬೇಕಾಗುತ್ತದೆ. ಗುಜರಾತಿನ ಹಜೀರಾದಲ್ಲಿ ಅವರ ದೊಡ್ಡ ಕಾರ್ಖಾನೆ ಇದೆ. ಅರಿಹಂತ್ ಜಲಾಂತರ್ಗಾಮಿಯ ಒಡಲು ಅಲ್ಲಿ ತಯಾರಾಯಿತು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಸಮ್ಮಿಳನ ರಿಯಾಕ್ಟರ್‌ಗೆ (ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯೋಗ) 3,850 ಟನ್ ತೂಕದ ಕ್ರಯೋಸ್ಟಾಟ್‌ನ, ಅಂದರೆ ರಿಯಾಕ್ಟರನ್ನು ಸುತ್ತುವರಿಯುವ ದೊಡ್ಡ ಉಕ್ಕಿನ ಪಾತ್ರೆಯ, ಭಾಗಗಳು ಹೋದದ್ದೂ ಅಲ್ಲಿಂದಲೇ. ಇಸ್ರೊ ರಾಕೆಟ್‌ಗಳ ಮೋಟಾರ್ ಕವಚಗಳನ್ನೂ ಎಲ್ ಅಂಡ್ ಟಿ ಮಾಡುತ್ತದೆ.

ಪ್ರಶ್ನೆ: ಮಗ ಸಿವಿಲ್ ಡಿಪ್ಲೊಮಾ ಮುಗಿಸಿದ್ದಾನೆ. ಇಂಥ ಕಂಪನಿ ಸೇರಿಸಬಹುದಾ? – ಹಾಸನದ ತಾಯಿ

ಖಂಡಿತ ಸೇರಿಸಿ ಅಮ್ಮಾ. ಡಿಪ್ಲೊಮಾದವರನ್ನು ಟ್ರೈನಿ ಎಂಜಿನಿಯರ್ ಆಗಿ ತೆಗೆದುಕೊಳ್ಳುತ್ತಾರೆ. ಕೆಲಸ ಸೈಟಿನಲ್ಲಿ. ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ಶಿವಾಜಿನಗರದ ಮೆಟ್ರೊ ಸುರಂಗ ಇವರೇ ಕಟ್ಟಿದ್ದು. ಆದರೆ ಮಗನಿಗೆ ಊರ ಹತ್ತಿರವೇ ಕೆಲಸ ಸಿಗುತ್ತದೆ ಎಂದುಕೊಳ್ಳಬೇಡಿ. ಒಂದು ಕೆಲಸ ಮುಗಿದರೆ ಮುಂದಿನ ಸೈಟು ಯಾವ ರಾಜ್ಯದಲ್ಲೋ. ಮೊದಲ ವರ್ಷಗಳಲ್ಲಿ ಶಟರಿಂಗ್, ಕಂಬಿ ಕಟ್ಟುವುದು, ಕಾಂಕ್ರೀಟ್ ಹಾಕುವುದನ್ನು ಹತ್ತಿರ ನಿಂತು ನೋಡಲಿ. ಎಸಿ ರೂಮಿನ ಕೆಲಸಕ್ಕೆ ಅವಸರ ಮಾಡುವುದು ಬೇಡ.

ಸೈಟಿನಲ್ಲಿರುವ ಕೂಲಿಕಾರರಲ್ಲಿ ಹೆಚ್ಚಿನವರು ಸಬ್ ಕಂಟ್ರಾಕ್ಟರುಗಳ ಕಡೆಯವರು. ಅವರ ಪಿಎಫ್, ಇಎಸ್‌ಐ, ಹೆಲ್ಮೆಟ್, ಮಲಗುವ ಜಾಗ ಸರಿಯಿದೆಯಾ ಎಂದು ನೋಡುವ ಹೊಣೆ ನಿಮ್ಮ ಮಗನಂಥ ಎಂಜಿನಿಯರುಗಳ ಮೇಲೂ ಬರುತ್ತದೆ. ನುರಿತ ಕೈಗಳು ಸಿಗುತ್ತಿಲ್ಲ ಎಂದು ಕಂಪನಿಯೇ 2024ರಲ್ಲಿ ಹೇಳಿಕೊಂಡಿತ್ತು. ನಿಮ್ಮ ಊರಿನಲ್ಲಿ ಶಾಲೆ ಬಿಟ್ಟ ಹುಡುಗರಿದ್ದರೆ ಅವರಿಗೂ ತಿಳಿಸಿ: ಕಂಬಿ, ಶಟರಿಂಗ್, ಗಾರೆ ಕೆಲಸ ಕಲಿಸುವ ತರಬೇತಿ ಕೇಂದ್ರಗಳನ್ನು ಕಂಪನಿ ನಡೆಸುತ್ತದೆ. ಬೆಂಗಳೂರಿನಲ್ಲೂ ಒಂದಿದೆ.