ಆ ಫಾರ್ಮಿನಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ

ನೀವು ಕೇಳಿದ್ದು ಇಷ್ಟು: "ಹೊಟ್ಟೆಯಲ್ಲಿರುವುದೂ ಒಂದು ಜೀವ. ಹಾಗಿರುವಾಗ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡುವುದು ಸರಿಯೇ? ಹೆಣ್ಣುಭ್ರೂಣ ಹತ್ಯೆ ನಡೆಯುವ ನಮ್ಮಂಥ ದೇಶದಲ್ಲಿ ಅದನ್ನು ಪೂರ್ತಿ ನಿಷೇಧಿಸಬಾರದೇಕೆ?"

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವಳು. ಪುಣೆಗೆ ಬಂದು ನರ್ಸ್ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು, ಬಹುಪಾಲು ಹೆರಿಗೆ ವಾರ್ಡಿನಲ್ಲೇ ಕಳೆದಿದೆ. ಅವಕಾಶ ಇರಲೇಬೇಕು ಎಂಬುದು ನನ್ನ ಉತ್ತರ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಲು ಮನಸ್ಸಾಗುತ್ತಿಲ್ಲ. ಯಾಕೆಂದರೆ ಕೇಳಿಕೊಂಡು ಬಂದ ಒಬ್ಬ ಹೆಂಗಸನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದವಳು ನಾನೇ.

ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಆಗ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿದ್ದೆ. ಸುತ್ತಲೂ ಕಟ್ಟಡಗಳು ಏಳುತ್ತಿದ್ದ ಭಾಗ ಅದು. ಸೈಟುಗಳ ಪತ್ರಾ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಜನವೇ ಜಾಸ್ತಿ. ಮರಾಠಿ ಬಾರದವರು ಬಂದರೆ "ಕಾನಡಿ ಸಿಸ್ಟರ್" ಎಂದು ನನಗೆ ಕರೆ ಬರುತ್ತಿತ್ತು. ಡಿಸೆಂಬರ್ ಕೊನೆಯ ವಾರ ಹಾಗೆ ಕರೆದಾಗ ಬೆಂಚಿನ ತುದಿಯಲ್ಲಿ ಆಕೆ ಕೂತಿದ್ದಳು. ಇಪ್ಪತ್ತಾರರ ಆಸುಪಾಸು. ತೊಡೆಯ ಮೇಲೆ ವರ್ಷದ ಕೂಸು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಅದನ್ನು ಬಿಚ್ಚುತ್ತಲೇ ಹೇಳಿದಳು: "ಅಕ್ಕಾ, ತಿಂಗಳ ನಿಂತದ. ನನಗ ಬ್ಯಾಡ್ರಿ ಇದು. ಮೂರು ಅವ. ಸಣ್ಣದು ಇನ್ನಾ ಹಾಲು ಕುಡೀತದ."

ಎಂಟು ವಾರವಾಗಿತ್ತು. ಆ ಹಂತದಲ್ಲಿ ತೆಗೆಯುವುದು ಅರ್ಧ ತಾಸಿನ ಕೆಲಸ, ಸಂಜೆಗೆ ಮನೆಗೆ ಹೋಗಬಹುದು. ಆದರೆ ನಮ್ಮ ಆಸ್ಪತ್ರೆಯಲ್ಲಿ ಒಂದು ಟೈಪ್ ಮಾಡಿದ ಹಾಳೆ ಇತ್ತು. ಅದರ ಕೊನೆಯಲ್ಲಿ ಮರಾಠಿಯಲ್ಲಿ "ಪತೀಚೀ ಸಹೀ" ಎಂದಿತ್ತು. ಅದಿಲ್ಲದೆ ಫೈಲ್ ಮುಂದೆ ಹೋಗುತ್ತಿರಲಿಲ್ಲ. ಗಂಡ ತೊಗರಿ ರಾಶಿಗೆಂದು ಊರಿಗೆ ಹೋಗಿದ್ದ. "ಕರಕೊಂಡ ಬಾ ತಂಗಿ, ಅವನ ಸಹಿ ಬೇಕು" ಅಂದೆ. ಆಕೆ ವಾದ ಮಾಡಲಿಲ್ಲ. "ಅಂವಗ ಹೇಳಿದ್ರ ಆಗಂಗಿಲ್ಲರಿ" ಎಂದಷ್ಟೇ ಹೇಳಿ, ಕಾರ್ಡನ್ನು ಮತ್ತೆ ಚೀಲದಲ್ಲಿ ಸುತ್ತಿ, ಗಂಟು ಹಾಕಿಕೊಂಡು ಎದ್ದಳು.

ಐದು ವಾರದ ಮೇಲೆ ಒಂದು ರಾತ್ರಿ ಸೈಟಿನ ಮುಕಾದಮ ಆಕೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಲಂಗ, ಸೀರೆ, ಆಟೋದ ಸೀಟು ಎಲ್ಲ ನೆನೆದಿದ್ದವು. ಹಿಮೋಗ್ಲೋಬಿನ್ 4.8ಕ್ಕೆ ಇಳಿದಿತ್ತು. ಯಾವುದೋ ಮೆಡಿಕಲ್‌ನಲ್ಲಿ ಡಾಕ್ಟರ ಚೀಟಿ ಇಲ್ಲದೆ ಗರ್ಭಪಾತದ ಕಿಟ್ ಕೊಟ್ಟಿದ್ದರು. ಅದರಲ್ಲಿ ಐದು ಗುಳಿಗೆ ಇರುತ್ತವೆ: ಮಿಫೆಪ್ರಿಸ್ಟೋನ್ ಒಂದು, ಮಿಸೊಪ್ರೊಸ್ಟಾಲ್ ನಾಲ್ಕು. ಒಂದನ್ನು ಮೊದಲು ನುಂಗಿ, ಒಂದೆರಡು ದಿನ ಬಿಟ್ಟು ಉಳಿದ ನಾಲ್ಕನ್ನು ತೆಗೆದುಕೊಳ್ಳಬೇಕು, ಅದೂ ಒಂಬತ್ತು ವಾರದೊಳಗೆ. ಆಕೆ ಹದಿಮೂರನೇ ವಾರದಲ್ಲಿ ಐದನ್ನೂ ಒಮ್ಮೆಗೇ ನುಂಗಿದ್ದಳು. ಅರ್ಧ ಒಳಗೇ ಉಳಿದಿತ್ತು. ಕ್ಯುರೆಟಿಂಗ್ ಮಾಡಿ, ಅಂದರೆ ಗರ್ಭಕೋಶ ಕೆರೆದು ಶುಚಿ ಮಾಡಿ, ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡೆವು. ಆ ರಾತ್ರಿ ಯಾರೂ ಗಂಡನ ಸಹಿ ಕೇಳಲಿಲ್ಲ.

ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೆ ಫೈಲುಗಳ ನಡುವಿನಿಂದ ಸರ್ಕಾರದ ಫಾರ್ಮ್ ಸಿ, ಅಂದರೆ ಗರ್ಭಪಾತದ ಒಪ್ಪಿಗೆ ಪತ್ರ ತೆಗೆದು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಪೂರ್ತಿ ಓದಿದೆ. ಹೆಂಗಸಿನ ಹೆಸರು, ವಯಸ್ಸು, ವಿಳಾಸ, ಆಕೆಯ ಒಪ್ಪಿಗೆ, ಆಕೆಯ ಸಹಿ. ಪಾಲಕರ ಸಹಿ ಬೇಕಾಗುವುದು ಆಕೆಗೆ ಹದಿನೆಂಟು ತುಂಬಿರದಿದ್ದರೆ ಅಥವಾ ಮಾನಸಿಕ ಅಸ್ವಸ್ಥತೆ ಇದ್ದರೆ ಮಾತ್ರ. ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. 1971ರ ಗರ್ಭಪಾತ ಕಾಯ್ದೆಯಲ್ಲೇ ಹಾಗಿದೆ. ತಿಂಗಳ ಮೇಲೆ ಕಬ್ಬಿಣದ ಗುಳಿಗೆಗೆಂದು ಬಂದಾಗ ಆಕೆಗೆ ಇದನ್ನು ಹೇಳಿದೆ, ಹೇಳದೆ ಇರಲಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಂದ್ರ ಅವತ್ತ ನನ್ನ ಹೆಬ್ಬೆಟ್ಟೇ ಸಾಕಾಗತಿತ್ತೇನಕ್ಕಾ?" ಹೌದು ಅಂದೆ.

ಕಾನೂನು ಇದ್ದೂ ಹೀಗಾಯಿತು. ಅದೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹಳಬರು ಕಂಡಿದ್ದಾರೆ. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ ಪ್ರಕಾರ, ಜೀವ ಉಳಿಸಲು ಮಾಡಿದ್ದನ್ನು ಬಿಟ್ಟರೆ ಗರ್ಭಪಾತ ಅಪರಾಧ. ಅದರಿಂದ ಬಸಿರು ತೆಗೆಸುವುದೇನೂ ನಿಲ್ಲಲಿಲ್ಲ. ಕಡ್ಡಿ, ಬೇರು, ನಾಟಿ ಔಷಧದ ಕೈಗೆ ಹೋಯಿತು ಅಷ್ಟೇ. ಹಾಗೆ ಸಾಯುವವರನ್ನು ನೋಡಿಯೇ 1964ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಇದೇ ಮಹಾರಾಷ್ಟ್ರದ ಆರೋಗ್ಯ ಮಂತ್ರಿ ಶಾಂತಿಲಾಲ್ ಶಾ. 1966ರಲ್ಲಿ ವರದಿ ಬಂತು, 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಆಯಿತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈಗಲೂ ನಮ್ಮಲ್ಲಿ ಗರ್ಭಪಾತ ಮೂಲತಃ ಅಪರಾಧವೇ. ದಂಡಸಂಹಿತೆ ಹೋಗಿ 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದರೂ ಆ ಕಲಂ 88ನೇ ನಂಬರಿನಲ್ಲಿ ಉಳಿದಿದೆ. ತಾನೇ ತೆಗೆಸಿಕೊಂಡ ಹೆಂಗಸೂ ಅದರೊಳಗೆ ಬರುತ್ತಾಳೆ. 1971ರ ಕಾಯ್ದೆ ಅದಕ್ಕೆ ಕೊಟ್ಟ ವಿನಾಯಿತಿ ಮಾತ್ರ, ಮತ್ತು ಆ ವಿನಾಯಿತಿಯ ಬೀಗದ ಕೈ ಇರುವುದು ಡಾಕ್ಟರ ಹತ್ತಿರ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು, ಅದೂ ಕೆಲವು ಬಗೆಯ ಹೆಂಗಸರಿಗೆ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿನಲ್ಲಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಇಂಥವರಿಗೆ. ಅದರಾಚೆಗೆ ಭ್ರೂಣದಲ್ಲಿ ದೊಡ್ಡ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ, ಇಲ್ಲವೇ ಹೆಂಗಸಿನ ಜೀವ ಉಳಿಸಲು ತಕ್ಷಣ ಬೇಕಾದರೆ ಮಾತ್ರ. ಈ ಮಿತಿ ಏರುವುದಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. 2008ರಲ್ಲಿ ಮಗುವಿನ ಹೃದಯದ ದೋಷ 20 ವಾರ ದಾಟಿದ ಮೇಲೆ ತಿಳಿದ ಮುಂಬೈ ದಂಪತಿ, ಡಾಕ್ಟರ್ ನಿಖಿಲ್ ದಾತಾರ್ ಜೊತೆ ಬಾಂಬೆ ಹೈಕೋರ್ಟಿಗೆ ಹೋಗಿದ್ದರು. ಕೋರ್ಟು ಒಪ್ಪಲಿಲ್ಲ. ಅಲ್ಲಿಂದ 2021ಕ್ಕೆ ಹದಿಮೂರು ವರ್ಷ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಮದುವೆಯಾಗದವರಿಗೂ 24 ವಾರದ ಅವಕಾಶ ಇದೆ ಎಂದಿತು. ಗಂಡನ ಬಲಾತ್ಕಾರದಿಂದ ನಿಂತ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಎಂದೇ ಎಣಿಸಬೇಕು ಎಂದೂ ಹೇಳಿತು. ನನ್ನ ವಾರ್ಡಿನ ಎಷ್ಟೋ ಮುಖಗಳು ಆ ದಿನ ಕಣ್ಣಮುಂದೆ ಬಂದವು.

ಇನ್ನು ನಿಮ್ಮ ಮೊದಲ ಮಾತು, ಹೊಟ್ಟೆಯಲ್ಲಿರುವುದೂ ಜೀವ ಎಂಬುದು. ಅದು ಏನೂ ಅಲ್ಲ ಎಂದು ನಾನು ಹೇಳಲಾರೆ. ಈ ಕೈಯಲ್ಲಿ ಎಲ್ಲವನ್ನೂ ಹಿಡಿದಿದ್ದೇನೆ. ಐದು ತಿಂಗಳು ದಾಟಿದ್ದನ್ನು ತೆಗೆಯುವಾಗ ಯಾವ ನರ್ಸಿನ ಮನಸ್ಸೂ ಹಗುರವಾಗಿರುವುದಿಲ್ಲ, ಆ ಹೆಂಗಸಿನದಂತೂ ಇರುವುದೇ ಇಲ್ಲ. ಆದರೆ ಎರಡೂ ಜೀವ ಸಮ ಎಂದು ಕಾನೂನು ಬರೆದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆಯವರು ಸವಿತಾ ಹಾಲಪ್ಪನವರ್ ಸಾವಿನಲ್ಲಿ ಕಂಡಿದ್ದೇವೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಆಕೆ. ಐರ್ಲೆಂಡ್ 1983ರಲ್ಲಿ ತನ್ನ ಸಂವಿಧಾನದಲ್ಲೇ ತಾಯಿಗೂ ಹುಟ್ಟದ ಮಗುವಿಗೂ ಸಮಾನ ಜೀವದ ಹಕ್ಕು ಎಂದು ಬರೆದಿಟ್ಟಿತ್ತು. 2012ರ ಅಕ್ಟೋಬರಿನಲ್ಲಿ ಹದಿನೇಳನೇ ವಾರಕ್ಕೆ ಸವಿತಾಳ ನೀರು ಒಡೆಯಿತು. ಮಗು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಆಕೆಯೂ ಗಂಡನೂ ಕೇಳಿಕೊಂಡರು. ಮಗುವಿನ ಎದೆಬಡಿತ ಇದೆ, ಆಗುವುದಿಲ್ಲ ಎಂದರು. ನಂಜು ರಕ್ತಕ್ಕೇರಿ 28ನೇ ತಾರೀಖು ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೂವತ್ತೊಂದು ವರ್ಷ. ಗಂಡ ಪಕ್ಕದಲ್ಲೇ ಇದ್ದ, ಆಸ್ಪತ್ರೆಯಲ್ಲಿ ಎಲ್ಲ ಸೌಕರ್ಯ ಇತ್ತು, ತಡೆದದ್ದು ಆ ಬರಹ. ಸಮ ಎಂದು ತೂಗಿದ ಎರಡು ಜೀವಗಳಲ್ಲಿ ಒಂದೂ ಉಳಿಯಲಿಲ್ಲ. 2018ರ ಮೇ 25ರಂದು ಅಲ್ಲಿಯ ಜನ ಮತ ಹಾಕಿ, 66.4 ಶೇಕಡ ಬಹುಮತದಿಂದ ಅದನ್ನು ತೆಗೆಸಿದರು. ಬೆಳಗಾವಿಯ ಆಕೆಯ ತಂದೆತಾಯಿಯೂ ಅದನ್ನು ತೆಗೆಯಿರಿ ಎಂದು ಆ ಜನರನ್ನು ಕೇಳಿಕೊಂಡಿದ್ದರು.

ಹೆಣ್ಣುಭ್ರೂಣದ ಮಾತಿಗೆ ಬರುತ್ತೇನೆ, ಅದು ನನಗೂ ಸುಡುವ ವಿಷಯವೇ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 894 ಹೆಣ್ಣುಮಕ್ಕಳು. 2017ರ ಮಾರ್ಚಿನಲ್ಲಿ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಹಳ್ಳದ ಹತ್ತಿರ ಸಿಕ್ಕಾಗ, ಗಡಿಯಾಚೆಯ ನಮ್ಮ ಕರ್ನಾಟಕದಿಂದ ಹೋದವರೂ ಅದರಲ್ಲಿದ್ದಾರೆ ಎಂದು ತಿಳಿದು ತಲೆ ತಗ್ಗಿಸಿದೆವು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದುದು ಹೊರಬಿತ್ತು. ಆದರೆ ಇವೆಲ್ಲದರಲ್ಲಿ ಅನ್ಯಾಯ ಶುರುವಾಗುವುದು ಗಂಡೋ ಹೆಣ್ಣೋ ಎಂದು ನೋಡುವ ಸ್ಕ್ಯಾನಿಂಗಿನಲ್ಲಿ, ಮತ್ತು ನೋಡು ಎಂದು ಕಳಿಸುವ ಮನೆಯಲ್ಲಿ. ಅದನ್ನು ತಡೆಯಲೆಂದೇ 1988ರಲ್ಲಿ ದೇಶದಲ್ಲೇ ಮೊದಲು ಮಹಾರಾಷ್ಟ್ರ ಕಾನೂನು ಮಾಡಿತು, 1994ರಲ್ಲಿ ಕೇಂದ್ರದ ಕಾಯ್ದೆ ಬಂತು. ಆ ಕಾಯ್ದೆಯನ್ನು ಬಿಗಿಯಾಗಿ ನಡೆಸಲಿ, ನಾನು ಮೊದಲು ಸಾಕ್ಷಿ ಹೇಳುತ್ತೇನೆ.

ಎರಡನ್ನೂ ಕಲಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2012ರಲ್ಲಿ ಬೀಡ್ ಜಿಲ್ಲೆಯ ಪರಳಿಯ ಹೆಣ್ಣುಭ್ರೂಣ ಹತ್ಯೆ ಪ್ರಕರಣ ಹೊರಬಂದ ಮೇಲೆ ಮಹಾರಾಷ್ಟ್ರದಲ್ಲಿ ಗರ್ಭಪಾತದ ಗುಳಿಗೆಗಳ ಮೇಲೆ ತಪಾಸಣೆ, ದಾಳಿ ಶುರುವಾಯಿತು. ಎಷ್ಟೋ ಮೆಡಿಕಲ್‌ನವರು ಯಾಕೆ ತಲೆನೋವು ಎಂದು ಇಡುವುದನ್ನೇ ಬಿಟ್ಟರು. ಗುಳಿಗೆ ತೆಗೆದುಕೊಳ್ಳಬೇಕಾದದ್ದು ಒಂಬತ್ತು ವಾರದೊಳಗೆ. ಅಷ್ಟರೊಳಗೆ ಸ್ಕ್ಯಾನಿಂಗಿನಲ್ಲಿ ಗಂಡು ಹೆಣ್ಣು ಗೊತ್ತೇ ಆಗುವುದಿಲ್ಲ! ಚೀಟಿ ಇದ್ದವರಿಗೆ ಸಿಗದಂತಾಯಿತು, ಚೀಟಿ ಇಲ್ಲದೆ ಕೌಂಟರ್ ಕೆಳಗಿನಿಂದ ಕೊಡುವವರ ವ್ಯಾಪಾರ ನಡೆದೇ ಇತ್ತು. ಸೆರಗಿಗೆ ಆಧಾರ್ ಕಟ್ಟಿಕೊಂಡು ಬಂದವಳಿಗೆ ಕಿಟ್ ಸಿಕ್ಕಿದ್ದು ಅಂಥಲ್ಲೇ. ಆಕೆಯೊಬ್ಬಳ ಕಥೆ ಇದಲ್ಲ. 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ಅದರಲ್ಲಿ ನಾಲ್ಕನೇ ಮೂರು ಭಾಗದಷ್ಟು ಆಸ್ಪತ್ರೆಯ ಹೊರಗೆ ಗುಳಿಗೆಯಿಂದಲೇ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತ್ತು. ನಿಷೇಧಿಸಿದರೆ ಉಳಿದ ಕಾಲು ಭಾಗವೂ ಹೊರಗೆ ಹೋಗುತ್ತದೆ.

ಮತ್ತೊಂದು. ಹೆಣ್ಣುಭ್ರೂಣ ತೆಗೆಸಲು ಬರುವ ಎಷ್ಟೋ ಹೆಂಗಸರು ತಾವಾಗಿ ಬಂದಿರುವುದಿಲ್ಲ, ಕರೆತಂದವರು ಹೊರಗೆ ಕೂತಿರುತ್ತಾರೆ. ಆಕೆಯ ಒಪ್ಪಿಗೆಯೇ ಮುಖ್ಯ ಎಂಬ ನಿಯಮ ಅಂಥವಳನ್ನೂ ಕಾಯುತ್ತದೆ. ಬೇಡ ಎನ್ನುವವಳಿಗೂ ಬೇಕು ಎನ್ನುವವಳಿಗೂ ಇರುವ ಆಸರೆ ಅದೊಂದೇ ಸಹಿ.

ಪುಣೆಯಲ್ಲಿ ಇದ್ದುಕೊಂಡು ಈ ಪ್ರಶ್ನೆಗೆ ಉತ್ತರ ಬರೆಯುವಾಗ ಫುಲೆ ದಂಪತಿಯ ನೆನಪಾಗದೆ ಇರದು. ಎಳೆಯ ವಿಧವೆಯರು ಮನೆಯವರಿಂದಲೇ ಬಸಿರಾಗಿ, ಬಾವಿಗೆ ಬೀಳುತ್ತಲೋ ಹುಟ್ಟಿದ ಕೂಸಿನ ಕತ್ತು ಹಿಸುಕುತ್ತಲೋ ಇದ್ದ ಕಾಲ. ಹಾಗೆ ಮಾಡಿದ ಕಾಶೀಬಾಯಿ ಎಂಬ ವಿಧವೆಗೆ ಅಂಡಮಾನಿನ ಶಿಕ್ಷೆಯಾಯಿತು. ಬಸಿರು ಮಾಡಿದವನಿಗೆ ಏನೂ ಆಗಲಿಲ್ಲ. 1863ರಲ್ಲಿ ಜೋತಿಬಾ, ಸಾವಿತ್ರಿಬಾಯಿ ಇದೇ ಊರಿನಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಗುಟ್ಟಾಗಿ ಬನ್ನಿ, ಹೆತ್ತು ಹೋಗಿ, ಮಗುವನ್ನು ಬೇಕಾದರೆ ಒಯ್ಯಿರಿ, ಇಲ್ಲವಾದರೆ ಇಲ್ಲೇ ಬಿಡಿ ಎಂದು ಊರಲ್ಲಿ ಚೀಟಿ ಅಂಟಿಸಿದರು. ಅಂಥ ಒಬ್ಬ ವಿಧವೆಯ ಮಗ ಯಶವಂತನನ್ನು ತಾವೇ ದತ್ತು ತೆಗೆದುಕೊಂಡರು. ಅವನು ಡಾಕ್ಟರಾದ. 1897ರ ಪ್ಲೇಗಿನಲ್ಲಿ ತಾಯಿ ಮಗ ಇಬ್ಬರೂ ರೋಗಿಗಳನ್ನು ನೋಡಿಕೊಂಡರು, ಸಾವಿತ್ರಿಬಾಯಿ ಅದೇ ಪ್ಲೇಗಿಗೆ ತೀರಿಕೊಂಡರು.

ಫುಲೆ ಉಳಿಸಿದ್ದು ಮಗುವನ್ನಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಯಾರ ಕೂಸು, ಯಾರ ಅಪ್ಪಣೆ ತಂದೆ ಎಂದು ಕೇಳದೆ, ಆ ಹೆಣ್ಣಿಗೇ ತೀರ್ಮಾನ ಬಿಟ್ಟು ಉಳಿಸಿದರು. ಮಗುವಿನ ಜೀವದ ಬಗ್ಗೆ ನಿಮಗಿರುವ ಕಾಳಜಿ ನಿಜವಾದದ್ದು ಎಂದೇ ನಂಬುತ್ತೇನೆ. ಹೆರಲು ಇಷ್ಟವಿದ್ದೂ ಹೆರಲಾಗದೆ ತೆಗೆಸಿಕೊಳ್ಳುವವರು ನನ್ನ ವಾರ್ಡಿಗೆ ಬರುತ್ತಲೇ ಇರುತ್ತಾರೆ. ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗಲು ಸೈಟಿನಲ್ಲಿ ಜಾಗವಿಲ್ಲದವರು, ಮದುವೆಯಾಗಿಲ್ಲ ಎಂದು ಮನೆಯವರು ಹೊರಗೆ ಹಾಕಿದವರು. ಅವರಿಗೆ ಏನಾದರೂ ಮಾಡುವಿರಾದರೆ ನಾನೂ ಜೊತೆಗೆ ಬರುತ್ತೇನೆ.

ಓದುವವರಲ್ಲಿ ಯಾರಿಗಾದರೂ ಈಗಲೇ ಬೇಕಾಗಿದ್ದರೆ ಎಂದು ಇಷ್ಟು ಹೇಳುತ್ತೇನೆ. ದಿನ ಮುಂದೆ ಹೋದಷ್ಟೂ ಕಷ್ಟ, ಹಾಗಾಗಿ ತಡಮಾಡಬೇಡಿ. ಮೆಡಿಕಲ್‌ನಲ್ಲಿ ಕೇಳಿ ಗುಳಿಗೆ ನುಂಗಬೇಡಿ. ಸರ್ಕಾರಿ ಅಥವಾ ಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋಗಿ. ನಿಮ್ಮ ಹೆಸರನ್ನು ಅವರು ಹೊರಗೆ ಬಿಡುವ ಹಾಗಿಲ್ಲ, ಬಿಟ್ಟರೆ ಒಂದು ವರ್ಷದವರೆಗೆ ಜೈಲು ಎಂದು ಕಾಯ್ದೆಯಲ್ಲೇ ಇದೆ. ಹದಿನೆಂಟು ತುಂಬಿದವರು ಯಾರನ್ನೂ ಜೊತೆಗೆ ಕರೆದೊಯ್ಯಬೇಕೆಂದಿಲ್ಲ. ಫಾರ್ಮ್ ಸಿ ಕೇಳಿ. ಗಂಡನ ಸಹಿ, ಅತ್ತೆಯ ಸಹಿ ಎಂದರೆ ಆ ಫಾರ್ಮಿನಲ್ಲಿ ಅದಕ್ಕೆ ಜಾಗ ಎಲ್ಲಿದೆ ತೋರಿಸಿ ಎನ್ನಿ. ಬರೆಯಲು ಬಾರದಿದ್ದರೆ ಹೆಬ್ಬೆಟ್ಟು ನಡೆಯುತ್ತದೆ.